ದಿನಕ್ಕೊಂದು ನುಡಿಮುತ್ತು ಓದುತ್ತೇನೆ, ಸಂಜೆಗೆ ಮರೆತಿರುತ್ತದೆ. ನಿಮಗೂ ಹೀಗೇನಾ?

ಬೆಳಗಿನ ಓದು
ಎಲ್ಲರಿಗೂ ನಮಸ್ಕಾರ. ಇದನ್ನು ಕೇಳಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ. ಎದ್ದ ಕೂಡಲೇ ಯಾರಾದರೂ ದೊಡ್ಡವರ ಒಂದು ಮಾತು ಓದುವ ಅಭ್ಯಾಸ ನನಗಿದೆ. ಫೋನಿನಲ್ಲಿ ಅದಕ್ಕೇ ಅಂತ ಒಂದು ಆ್ಯಪ್ ಇದೆ, ದಿನಾ ಒಂದು ಮಾತು ಬರುತ್ತದೆ. ಓದಿದ ಹೊತ್ತಿನಲ್ಲಿ ಮೈ ಜುಂ ಅನ್ನುತ್ತದೆ. ಕೆಲಸಕ್ಕೆ ಕೂತ ಮೇಲೆ ಎಲ್ಲ ಮೊದಲಿನಂತೆಯೇ. ಸಂಜೆ ಯಾರಾದರೂ "ಬೆಳಿಗ್ಗೆ ಏನು ಓದಿದೆ?" ಅಂದರೆ ನೆನಪಿಗೇ ಬರುವುದಿಲ್ಲ.

ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ. ಕಷ್ಟದ ದಿನಗಳಲ್ಲಿ ಒಂದೆರಡು ಮಾತು ನಿಜಕ್ಕೂ ಕೈಹಿಡಿದಿವೆ. ಕೆಲವು ಮಾತು ಯಾಕೆ ಉಳಿಯುತ್ತವೆ, ಮಿಕ್ಕವು ಯಾಕೆ ಬಂದ ಹಾಗೇ ಹೋಗುತ್ತವೆ? ನೀವು ಹೇಗೆ ಆರಿಸಿಕೊಳ್ಳುತ್ತೀರಿ, ಹೇಗೆ ಉಳಿಸಿಕೊಳ್ಳುತ್ತೀರಿ? ದಯವಿಟ್ಟು ನಿಮ್ಮ ಅನುಭವ ಹೇಳಿ.

ಎರಡನೇ ಪಾಳಿ
ನನ್ನದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತೇನೆ.

ನೀಲಿ ಶಾಯಿ
ಮೊದಲು ಆ ಆ್ಯಪ್ ತೆಗೆದುಹಾಕಿ. ದಿನಾ ಹೊಸದು ಬರುತ್ತಿದ್ದರೆ ನಿನ್ನೆಯದು ನಿಲ್ಲುವುದಾದರೂ ಎಲ್ಲಿ?

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇಷ್ಟವಾದ ಮಾತನ್ನು ಕೈಯಲ್ಲಿ ಬರೆಯುತ್ತೇನೆ. ಅದರ ಕೆಳಗೆ, ಅದು ನನಗೆ ಯಾಕೆ ತಟ್ಟಿತು ಅಂತ ಎರಡು ಸಾಲು. ಆ ಎರಡು ಸಾಲು ಬರೆಯಲು ಆಗಲಿಲ್ಲ ಅಂದರೆ ಮಾತನ್ನೂ ಹೊಡೆದುಹಾಕುತ್ತೇನೆ. ಇದು ನನ್ನ ಉಪಾಯ ಏನಲ್ಲ. ಯುರೋಪಿನ ಓದುಗರು ಶತಮಾನಗಳ ಕಾಲ ಹೀಗೆ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಬರೆದಿಟ್ಟದ್ದು ಬೇಕಾದಾಗ ಸಿಗಬೇಕಲ್ಲ, ಅದಕ್ಕೆ ಸೂಚಿ ಮಾಡುವುದು ಹೇಗೆ ಅಂತ ತತ್ವಜ್ಞಾನಿ ಜಾನ್ ಲಾಕ್ 1686ರಲ್ಲೇ ಒಂದು ವಿಧಾನ ಪ್ರಕಟಿಸಿದ್ದರು.

ಒಂಟಿ ಸಾಲು
ಎಲ್ಲರಿಗೂ ಬರೆಯುವಷ್ಟು ಪುರುಸೊತ್ತು ಇರುವುದಿಲ್ಲ. ಬೆಳಿಗ್ಗೆ ಒಂದು ನಿಮಿಷ ಮನಸ್ಸು ಹಗುರಾದರೆ ಅದೂ ಲಾಭವೇ ಅಲ್ವಾ? ಮರೆತರೆ ಮರೆಯಲಿ ಬಿಡಿ.

ಪುಟ ತಿರುವು
ಈ ಪ್ರಶ್ನೆಗೆ ಎರಡು ಸಾವಿರ ವರ್ಷ ವಯಸ್ಸಾಗಿದೆ. ರೋಮಿನ ತತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲುಸಿಲಿಯಸ್‌ಗೆ ಬರೆದ 124 ಪತ್ರಗಳು ನಮಗೆ ಉಳಿದಿವೆ. ಎರಡನೇ ಪತ್ರದಲ್ಲೇ ಈ ವಿಷಯ ಬರುತ್ತದೆ. ಸಿಕ್ಕಿದ್ದೆಲ್ಲ ಓದಬೇಡ, ಗಟ್ಟಿಯಾದ ಕೆಲವರನ್ನೇ ಮತ್ತೆ ಮತ್ತೆ ಓದು, ಓದಿದ್ದರಲ್ಲಿ ಒಂದೇ ಒಂದು ವಿಚಾರ ಎತ್ತಿಕೊಂಡು ಅವತ್ತಿಗೆ ಅದನ್ನು ಅರಗಿಸಿಕೋ ಅನ್ನುತ್ತಾನೆ. ಮೊದಲ ಪತ್ರಗಳ ಕೊನೆಗೆ ತಾನೇ ಒಂದೊಂದು ಮಾತು ಆರಿಸಿ ಕಳಿಸುತ್ತಾನೆ. ಅವುಗಳಲ್ಲಿ ತುಂಬ ಎಪಿಕ್ಯೂರಸ್‌ನವು. ಎಪಿಕ್ಯೂರಸ್ ಅವನ ಪಂಥದವನಲ್ಲ, ಎದುರು ಪಂಥದವನು! ನಿಜವಾದದ್ದು ಯಾರು ಹೇಳಿದರೂ ಅದು ನನ್ನದೇ ಅನ್ನುವುದು ಅವನ ನಿಲುವು.

ಆಮೇಲೆ 33ನೇ ಪತ್ರ ಬರುತ್ತದೆ. ನನಗೆ ಅತಿ ಪ್ರಿಯವಾದದ್ದು ಅದು. ಮೊದಲಿನಂತೆ ಒಂದೊಂದು ಮಾತು ಕಳಿಸುತ್ತಿರು ಅಂತ ಲುಸಿಲಿಯಸ್ ಕೇಳಿದ್ದಾನೆ. ಸೆನೆಕಾ ಒಪ್ಪುವುದಿಲ್ಲ. ಇದು ನಮ್ಮ ಪಂಥ ಶುರು ಮಾಡಿದ ಝೀನೊ ಹೇಳಿದ್ದು, ಸರಿ, ನೀನೇನು ಹೇಳುತ್ತೀಯ ಅಂತ ತಿರುಗಿ ಕೇಳುತ್ತಾನೆ. ಚಿಕ್ಕ ಹುಡುಗರು ಬಾಯಿಪಾಠ ಮಾಡಲಿ, ಬೆಳೆದವನು ಎಷ್ಟು ಕಾಲ ಬೇರೆಯವರ ಅಪ್ಪಣೆಯಲ್ಲಿ ನಡೆಯುತ್ತಾನೆ ಅನ್ನುತ್ತಾನೆ. ಬೆಳಗಿನ ಓದು ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಮಾತು ಓದಿದ ಮೇಲೆ "ಸರಿ, ನಾನೇನು ಹೇಳುತ್ತೇನೆ?" ಅಂತ ಕೇಳಿಕೊಳ್ಳಿ.

ಒಂಟಿ ಸಾಲು
ಹಾಗಾದರೆ ಓದುವುದೇ ಬೇಡ ಅಂತಾನಾ?

ಪುಟ ತಿರುವು
ಅಲ್ಲ. ತುಣುಕು ಬೇಡ, ಇಡೀ ಬರಹ ಓದು ಅನ್ನುತ್ತಾನೆ.

ಕಡತದ ಹುಳು
ಪುಟ ತಿರುವು ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಇಡೀ ಬರಹ ಓದುವುದು ಇರಲಿ, ನಾವು ಹಂಚಿಕೊಳ್ಳುವ ಎಷ್ಟೋ ಮಾತನ್ನು ಆ ಹೆಸರಿನವರು ಹೇಳಿಯೇ ಇಲ್ಲ.

"ಒಂದೇ ಕೆಲಸ ಮತ್ತೆ ಮತ್ತೆ ಮಾಡಿ ಬೇರೆ ಫಲ ಬಯಸುವುದೇ ಹುಚ್ಚು" ಅನ್ನುವುದು ಐನ್‌ಸ್ಟೈನ್ ಹೆಸರಿನಲ್ಲಿ ಓಡಾಡುತ್ತದೆ. ಅವರು ತೀರಿಕೊಂಡದ್ದು 1955ರಲ್ಲಿ. ಆ ಸಾಲು ಅಚ್ಚಿನಲ್ಲಿ ಕಾಣುವುದು 1980ರ ದಶಕದ ಶುರುವಿನಲ್ಲಿ. "ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಕೊಟ್ಟೇನು" ಅನ್ನುವುದು ವಾಲ್ಟೇರ್ ಮಾತು ಅಂತ ಎಲ್ಲರೂ ನಂಬಿದ್ದಾರೆ. ಬರೆದವರು ಎವೆಲಿನ್ ಬಿಯಾಟ್ರಿಸ್ ಹಾಲ್ ಅನ್ನುವ ಲೇಖಕಿ, 1906ರಲ್ಲಿ, ವಾಲ್ಟೇರ್ ಧೋರಣೆ ಹೇಗಿತ್ತು ಅಂತ ವಿವರಿಸುತ್ತಾ. ಅಷ್ಟರಲ್ಲಿ ವಾಲ್ಟೇರ್ ತೀರಿಕೊಂಡು ನೂರು ವರ್ಷ ದಾಟಿತ್ತು.

ಗಾಂಧೀಜಿಯವರ "ನೀವು ಬಯಸುವ ಬದಲಾವಣೆ ನೀವೇ ಆಗಿ" ಕೂಡ ಅವರ ಬರಹಗಳಲ್ಲಿ ಈ ರೂಪದಲ್ಲಿ ಸಿಗುವುದಿಲ್ಲ. ಹತ್ತಿರದ ಮಾತು ಇರುವುದು 1913ರ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ. ನಮ್ಮನ್ನು ನಾವು ಬದಲಿಸಿಕೊಂಡರೆ ಲೋಕದ ನಡೆಯೂ ಬದಲಾಗುತ್ತದೆ, ಬೇರೆಯವರು ಏನು ಮಾಡುತ್ತಾರೆ ಅಂತ ಕಾಯಬೇಕಿಲ್ಲ ಅನ್ನುವ ಅರ್ಥದ್ದು. ಅದು ಬರುವುದು ಆರೋಗ್ಯದ ಲೇಖನಮಾಲೆಯಲ್ಲಿ, ಹಾವು ಕಡಿತದ ಬಗ್ಗೆ ಬರೆಯುವಾಗ! ಹಾವನ್ನು ಕಂಡರೆ ನಮಗೇಕೆ ಭಯ, ದ್ವೇಷ ಅನ್ನುವ ವಿಚಾರದಿಂದ ಅಲ್ಲಿಗೆ ಹೋಗುತ್ತಾರೆ. ನನಗಂತೂ ಇದು ತಿಳಿದ ಮೇಲೆ ಆ ಮಾತು ಇನ್ನೂ ಹತ್ತಿರವಾಯಿತು.

ಒಂಟಿ ಸಾಲು
ಹುಳು ಸರ್, ನಿಮ್ಮ ಓದಿಗೆ ನಮಸ್ಕಾರ. ಆದರೆ ನನಗೆ ಇದು ಮುಖ್ಯ ಅನ್ನಿಸುವುದಿಲ್ಲ. ಐನ್‌ಸ್ಟೈನ್ ಹೇಳದಿದ್ದರೆ ಆ ಮಾತು ಸುಳ್ಳಾಗುತ್ತದಾ? ನನ್ನ ತಮ್ಮ ಅದನ್ನು ಓದಿಯೇ ಕುಡಿತ ಬಿಟ್ಟ. ಅವನ ಹತ್ತಿರ ಹೋಗಿ 1955, 1980 ಅಂತ ಹೇಳಲಾ? ಇದೀಗ ಪುಟ ತಿರುವು ಅವರೇ ಹೇಳಿದರಲ್ಲ, ನಿಜವಾದದ್ದು ಯಾರು ಹೇಳಿದರೂ ನನ್ನದೇ ಅಂತ.

ಇನ್ನೊಂದು. ಟಾಲ್‌ಸ್ಟಾಯ್ ಕೊನೆಯ ವರ್ಷಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಜ್ಞಾನಿಗಳ ಮಾತುಗಳನ್ನು ಸೇರಿಸಿ ಪುಸ್ತಕ ಮಾಡಿದರು. ತಾವೇ ದಿನಾ ಓದುತ್ತಿದ್ದರು. ಮೂಲದಲ್ಲಿ ಇದ್ದ ಹಾಗೇ ಇಟ್ಟಿಲ್ಲ, ಮೊಟಕು ಮಾಡಿದ್ದೇನೆ, ಬದಲಿಸಿದ್ದೇನೆ ಅಂತ ಮುನ್ನುಡಿಯಲ್ಲಿ ಸ್ಪಷ್ಟವಾಗಿ ಬರೆದರು. ಅನುವಾದ ಮಾಡುವವರು ಮೂಲ ಹುಡುಕಬೇಡಿ, ನಾನು ಬರೆದದ್ದರಿಂದಲೇ ಮಾಡಿ ಅಂದರು. ಅಷ್ಟು ದೊಡ್ಡವರಿಗೇ ಪರವಾಗಿಲ್ಲ ಅಂದಮೇಲೆ?

ಕಡತದ ಹುಳು
ನಿಮ್ಮ ತಮ್ಮನ ವಿಷಯ ಕೇಳಿ ನಿಜಕ್ಕೂ ಖುಷಿಯಾಯಿತು. ಅವರಿಗೆ ಏನೂ ಹೇಳಬೇಡಿ. ಆದರೆ ಟಾಲ್‌ಸ್ಟಾಯ್ "ಬದಲಿಸಿದ್ದೇನೆ" ಅಂತ ಓದುಗರಿಗೆ ತಿಳಿಸಿದರು. ಈಗ ಹಂಚುವವರು ತಿಳಿಸುವುದಿಲ್ಲ. ಹೆಸರು ಅಂಟಿಸುವುದು ಮಾತಿಗೆ ತೂಕ ಬರಲಿ ಅಂತ. ಹೇಳದವರ ಹೆಸರಿನಿಂದ ತೂಕ ತರುವುದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ಬರೆದವರ ಹೆಸರು ಅಳಿಸಿಹೋಗುತ್ತದೆ. ಆ ಲೇಖಕಿ ಹಾಲ್ ಹೆಸರು ಎಷ್ಟು ಜನಕ್ಕೆ ಗೊತ್ತು?

ದೀಪಶಿಖೆ
ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? "ಕಾಯಕವೇ ಕೈಲಾಸ" ಯಾರ ಮಾತು ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಜನ ಬಸವಣ್ಣನವರದು ಅನ್ನುತ್ತಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕೆಲಸದಲ್ಲಿ ಮುಳುಗಿದವನು ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾನೆ. ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಅನ್ನುತ್ತಾನೆ. ಆಮೇಲೆ "ಕಾಯಕವೇ ಕೈಲಾಸವಾದ ಕಾರಣ" ಅಂತ ಬರುತ್ತದೆ. ಎಂಥ ಧೈರ್ಯದ ಮಾತು! ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಬದುಕಿದವನು, ಪೂಜೆಗಿಂತ ನನ್ನ ಕೆಲಸ ಮೇಲು ಅನ್ನುತ್ತಿದ್ದಾನೆ. ಎರಡು ಪದ ಮಾತ್ರ ಕಿತ್ತು ಗೋಡೆಗೆ ಅಂಟಿಸಿದರೆ ಈ ಧೈರ್ಯ ಎಲ್ಲಿ ಕಾಣುತ್ತದೆ?

ಎರಡನೇ ಪಾಳಿ
ಗೋಡೆಗೆ ಅಂಟಿಸುವ ಮಾತು ಬಂತಲ್ಲ, ನನಗೆ ಒಂದು ಹೇಳಲೇಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಗೋಡೆ ತುಂಬ ಇಂಥ ಮಾತುಗಳೇ. ಶ್ರಮ, ಕನಸು, ಸೋಲೇ ಗೆಲುವಿನ ಮೆಟ್ಟಿಲು. ಅದೇ ಗೋಡೆಯ ಕೆಳಗೆ ಕೂತು ನಾವು ಹೆಚ್ಚುವರಿ ಹೊತ್ತು ದುಡಿಯುತ್ತಿದ್ದೆವು, ಅದಕ್ಕೆ ಸಂಬಳ ಇಲ್ಲ. ರಜೆ ಕೇಳಿದವರಿಗೆ ಗೋಡೆ ತೋರಿಸುತ್ತಿದ್ದರು. ಅಲ್ಲಿಂದ ಬಂದ ಮೇಲೂ ಅಂಥ ಮಾತು ಕಂಡರೆ ಬಹಳ ಕಾಲ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ನನ್ನ ಅಳತೆ ಒಂದೇ. ಆ ಮಾತನ್ನು ಹೇಳುವವನು ಅದನ್ನು ತನಗೆ ಹೇಳಿಕೊಳ್ಳುತ್ತಿದ್ದಾನಾ, ನನಗೆ ಹೇಳುತ್ತಿದ್ದಾನಾ?

ಪುಟ ತಿರುವು
ಎರಡನೇ ಪಾಳಿ, ನಿಮ್ಮ ಅಳತೆಗೆ ಸರಿಯಾಗಿ ಹೊಂದುವವನು ಮಾರ್ಕಸ್ ಔರೇಲಿಯಸ್. 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಅವನ ಟಿಪ್ಪಣಿಗಳನ್ನು ಈಗ ಲೋಕವೇ ಓದುತ್ತದೆ, ಆದರೆ ಅವನು ಬರೆದದ್ದು ಪ್ರಕಟಣೆಗೆ ಅಲ್ಲ, ತನಗೆ ತಾನೇ ಹೇಳಿಕೊಳ್ಳಲು. "ನೀನು" ಅಂತ ಬರುವುದೆಲ್ಲ ಅವನಿಗೆ ಅವನೇ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲದಾಗ ತನ್ನನ್ನು ತಾನೇ ಒಪ್ಪಿಸುವ ಒಂದು ಭಾಗವೂ ಇದೆ. ಚಕ್ರವರ್ತಿಗೂ ಏಳುವುದು ಕಷ್ಟ ಅಂತ ಓದಿದಾಗ ಎಷ್ಟು ಸಮಾಧಾನ ಆಗುತ್ತದೆ ಗೊತ್ತಾ?

ಮೌನಿ
ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಎರಡನೇ ಪಾಳಿ ಅವರ ಮಾತಿಗೆ ಬರೆಯಬೇಕು ಅನ್ನಿಸಿತು.

ಮಗಳು ಹೋದಾಗ ತುಂಬ ಜನ ಮಾತುಗಳನ್ನು ಕಳಿಸಿದರು. ದೊಡ್ಡ ದೊಡ್ಡ ಹೆಸರುಗಳು. ಆಗುವುದೆಲ್ಲ ಒಳ್ಳೆಯದಕ್ಕೇ, ಕಾಲ ಎಲ್ಲವನ್ನೂ ಮಾಯಿಸುತ್ತದೆ, ಹೀಗೆ. ಕಳಿಸಿದವರ ಮನಸ್ಸು ಒಳ್ಳೆಯದು, ಅದು ಗೊತ್ತು. ಆದರೆ ಓದಲು ಆಗುತ್ತಿರಲಿಲ್ಲ. ಆ ಹೊತ್ತಿಗೆ ಬೇಕಿದ್ದದ್ದು ಪಕ್ಕದಲ್ಲಿ ಕೂರುವ ಒಬ್ಬರು. ಸ್ಫೂರ್ತಿಯ ಮಾತು ಹಂಚುವವರು ಯಾರಿಗೆ, ಯಾವಾಗ ಅಂತ ಒಂದು ಸಲ ಯೋಚಿಸಿ. ಇಷ್ಟೇ.

ಬೆಳಗಿನ ಓದು
ಮೌನಿ ಅವರೇ, ಇದನ್ನು ಬರೆದದ್ದಕ್ಕೆ ಕೃತಜ್ಞಳು. ನಿಮ್ಮ ಮಾತು ಖಂಡಿತ ನೆನಪಿಡುತ್ತೇನೆ.

ನೀಲಿ ಶಾಯಿ
ಮೌನಿ ಅವರೇ, ನಾವೆಲ್ಲ ಇದ್ದೇವೆ. ಬರೆಯಬೇಕು ಅನ್ನಿಸಿದಾಗ ಬರೆಯಿರಿ.

ಲೆಕ್ಕದ ಮೇಡಂ
ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಿನಕ್ಕೊಂದು ಮಾತು ಕರಿಹಲಗೆಯಲ್ಲಿ ಬರೆಸುವ ಪದ್ಧತಿ ನಮ್ಮಲ್ಲೂ ಇದೆ. ಮಕ್ಕಳು ಅದನ್ನು ನೋಡುವುದೇ ಇಲ್ಲ. ಹಾಗಾಗಿ ಬದಲಿಸಿದೆ. ಈಗ ವಾರಕ್ಕೆ ಒಂದೇ ಮಾತು. ಸೋಮವಾರ ನಾನು ಬರೆಯುತ್ತೇನೆ, ಸಂಜೆ ಅಳಿಸುತ್ತೇನೆ. ಮಂಗಳವಾರದಿಂದ ಹಲಗೆ ಖಾಲಿ. ಯಾರಾದರೂ ಒಬ್ಬರು ಎದ್ದು ನೆನಪಿನಿಂದ ಹೇಳಬೇಕು, ಆಮೇಲೆ ಒಪ್ಪುತ್ತೀರಾ ಇಲ್ಲವಾ ಅಂತ ವಾದ. ಮಕ್ಕಳು ಎಂಥ ವಾದ ಮಾಡುತ್ತಾರೆ ಅಂತೀರಿ!

ಇದಕ್ಕೆ ಆಧಾರವೂ ಇದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು. ಬೆಳಗಿನ ಓದು ಅವರೇ, ನಿಮಗೆ ಸಂಜೆ ಮರೆಯುವುದು ಸಹಜ. ಮಧ್ಯಾಹ್ನ ಒಂದು ಸಲ ಫೋನ್ ನೋಡದೆ ನೆನಪು ಮಾಡಿಕೊಳ್ಳಿ, ವ್ಯತ್ಯಾಸ ಕಾಣುತ್ತದೆ.

ಎರಡನೇ ಪಾಳಿ
ಮೇಡಂ, ಮಕ್ಕಳು ಒಪ್ಪದೇ ಹೋದ ಮಾತು ಯಾವುದಾದರೂ ಇದೆಯಾ?

ಲೆಕ್ಕದ ಮೇಡಂ
"ಪ್ರತಿಭೆ ಅಂದರೆ ಶೇಕಡಾ ಒಂದು ಸ್ಫೂರ್ತಿ, ತೊಂಬತ್ತೊಂಬತ್ತು ಬೆವರು" ಅನ್ನುವ ಎಡಿಸನ್ ಮಾತು. ಒಬ್ಬ ಹುಡುಗಿ ಎದ್ದು, "ಬೆವರು ಸುರಿಸಿದವರೆಲ್ಲ ಯಾಕೆ ಮುಂದೆ ಬಂದಿಲ್ಲ ಮಿಸ್? ನಮ್ಮಪ್ಪ ದಿನಾ ಸುರಿಸುತ್ತಾರೆ" ಅಂದಳು. ಇಡೀ ತರಗತಿ ಸುಮ್ಮನಾಯಿತು. ಅವತ್ತು ಗಣಿತ ಮಾಡಲಿಲ್ಲ, ಅದನ್ನೇ ಮಾತಾಡಿದೆವು.

ಒಂಟಿ ಸಾಲು
ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಗೆದ್ದವರ ಮಾತು ಮಾತ್ರ ನಮಗೆ ಸಿಗುತ್ತದೆ. ಅಷ್ಟೇ ಕಷ್ಟಪಟ್ಟು ಸೋತವರನ್ನು ಯಾರೂ ಕೇಳುವುದಿಲ್ಲ.

ದೀಪಶಿಖೆ
ಒಪ್ಪುತ್ತೇನೆ. ಇನ್ನೊಂದನ್ನೂ ಗಮನಿಸಿ. ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಹೆಂಗಸು ಒಬ್ಬರೇ. ಅವರ ಮಾತು ಕೂಡ ಗಂಡಸಿನ ಹೆಸರಿನಲ್ಲಿ ಓಡಾಡುತ್ತಿದೆ.

ನನಗೆ ದಿನಾ ಬಲ ಕೊಡುವುದು ಅಕ್ಕಮಹಾದೇವಿ. "ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದೊಡೆಂತಯ್ಯಾ." ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆ ಬರುತ್ತವೆ, ಕೋಪ ತಾಳದೆ ಸಮಾಧಾನಿಯಾಗಿರಬೇಕು ಅಂತ ಮುಗಿಯುತ್ತದೆ. ಗಂಡನನ್ನೂ ಅರಮನೆಯನ್ನೂ ಬಿಟ್ಟು ಒಬ್ಬಳೇ ಹೊರಟವಳು ಅಂತ ಪರಂಪರೆ ಹೇಳುತ್ತದೆ. ಅವಳಿಗೆ ಎಷ್ಟು ತೆಗಳಿಕೆ ಬಂದಿರಬೇಕು! ಅದಕ್ಕೇ ಅವಳ ಬಾಯಲ್ಲಿ ಆ ಮಾತು ನನಗೆ ಉಪದೇಶ ಅನ್ನಿಸುವುದಿಲ್ಲ. ಕೆಲಸದ ಜಾಗದಲ್ಲಿ ಯಾರಾದರೂ ಚುಚ್ಚಿದಾಗ ಮೊದಲ ಸಾಲು ಒಂದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಅಷ್ಟು ಸಾಕಾಗುತ್ತದೆ.

ನೀಲಿ ಶಾಯಿ
ವಚನದ ಮಾತು ಬಂದದ್ದಕ್ಕೆ. "ನುಡಿದರೆ ಮುತ್ತಿನ ಹಾರದಂತಿರಬೇಕು" ಎಲ್ಲರಿಗೂ ಬರುತ್ತದೆ. ಭಾಷಣದಲ್ಲಿ, ಸ್ಪರ್ಧೆಯಲ್ಲಿ, ಚೆನ್ನಾಗಿ ಮಾತಾಡಬೇಕು ಅನ್ನುವುದಕ್ಕೆ ಬಳಸುತ್ತಾರೆ. ಕೊನೆಯ ಸಾಲನ್ನು ಬಿಟ್ಟುಬಿಡುತ್ತಾರೆ. "ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ." ಇಡೀ ವಚನ ನಿಂತಿರುವುದೇ ಅದರ ಮೇಲೆ.

ಹೊಸ ಸದಸ್ಯ
ಮಾತಾಡಿದ ಹಾಗೆ ನಡೆಯದವರ ಮಾತನ್ನು ಓದಬೇಕಾ ಹಾಗಾದರೆ? ಸೆನೆಕಾ ಭಾರಿ ಶ್ರೀಮಂತ, ನೀರೋನ ಗುರು. ಸರಳ ಬದುಕಿನ ಬಗ್ಗೆ ಅವನಿಂದ ಯಾಕೆ ಕೇಳಬೇಕು?

ಪುಟ ತಿರುವು
ಒಳ್ಳೆಯ ಪ್ರಶ್ನೆ. ಅವನ ಕಾಲದಲ್ಲೇ ಜನ ಇದನ್ನು ಕೇಳಿದ್ದರು. ನಾನು ಬೇರೆಯವರಿಗೆ ಬುದ್ಧಿ ಹೇಳುವ ವೈದ್ಯನಲ್ಲ, ಅದೇ ಆಸ್ಪತ್ರೆಯಲ್ಲಿ ಮಲಗಿರುವ ಇನ್ನೊಬ್ಬ ರೋಗಿ ಅನ್ನುವ ಅರ್ಥದಲ್ಲಿ ಒಂದು ಪತ್ರದಲ್ಲಿ ಬರೆಯುತ್ತಾನೆ. ನನಗೆ ಅಷ್ಟು ಸಾಕು. ನಿಮಗೆ ಸಾಲದಿದ್ದರೆ ಅದೂ ನ್ಯಾಯವೇ.

ಹೊಸ ಸದಸ್ಯ
ನನಗೆ ಸಾಲುವುದಿಲ್ಲ. ಹಾಗೆ ನಡೆದು ತೋರಿಸಿದವರು ಬೇಕು. ಅಂಬೇಡ್ಕರ್ ಅವರ "ಶಿಕ್ಷಣ, ಹೋರಾಟ, ಸಂಘಟನೆ" ನನ್ನ ಮೇಜಿನ ಮೇಲಿದೆ. 1942ರಲ್ಲಿ ನಾಗಪುರದ ಸಮಾವೇಶದಲ್ಲಿ ಹೇಳಿದ್ದು. ನಿಮಗೆ ನನ್ನ ಕೊನೆಯ ಸಲಹೆ ಇದು ಅಂತ ಶುರು ಮಾಡಿ, ನಿಮ್ಮ ಮೇಲೆ ನಂಬಿಕೆ ಇಡಿ, ಭರವಸೆ ಬಿಡಬೇಡಿ ಅನ್ನುತ್ತಾರೆ. ನಮ್ಮ ಹೋರಾಟ ಹಣಕ್ಕಲ್ಲ, ಅಧಿಕಾರಕ್ಕಲ್ಲ, ಸ್ವಾತಂತ್ರ್ಯಕ್ಕೆ, ಮನುಷ್ಯರ ವ್ಯಕ್ತಿತ್ವವನ್ನು ಮರಳಿ ಪಡೆಯುವುದಕ್ಕೆ ಅನ್ನುತ್ತಾರೆ. ಆ ಮೂರೂ ಅವರು ಬದುಕಿದ ಮಾತು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಓದಿನ ಮಧ್ಯೆ ಬಿಟ್ಟುಬಿಡೋಣ ಅನ್ನಿಸಿದಾಗೆಲ್ಲ ಆ ಮೊದಲ ಪದ ನೋಡುತ್ತಿದ್ದೆ.

ಕಡತದ ಹುಳು
ಎಷ್ಟು ಚೆನ್ನಾಗಿ ಹೇಳಿದಿರಿ. ಆ ಮೂರು ಪದಗಳ ಕ್ರಮವನ್ನು ಅನೇಕರು ಅದಲು ಬದಲು ಮಾಡಿ ಬರೆಯುತ್ತಾರೆ. ನಿಮ್ಮ ಮೇಜಿನ ಮೇಲಿರುವುದು ಭಾಷಣದಲ್ಲಿರುವ ಕ್ರಮವೇ.

ನಡೆದು ತೋರಿಸಿದವರು ಅಂದಿರಲ್ಲ, ಮಂಡೇಲಾ ಅವರೂ ಬೇರೆಯವರ ಮಾತಿನಿಂದ ಬಲ ಪಡೆದವರು. ರಾಬೆನ್ ದ್ವೀಪದ ಜೈಲಿನಲ್ಲಿ ಒಬ್ಬ ಕೈದಿಯ ಹತ್ತಿರ ಶೇಕ್ಸ್‌ಪಿಯರ್ ನಾಟಕಗಳ ಸಂಪುಟ ಇತ್ತು. ಕಾವಲುಗಾರರ ಕಣ್ಣಿಗೆ ಧರ್ಮಗ್ರಂಥದಂತೆ ಕಾಣಲಿ ಅಂತ ದೀಪಾವಳಿ ಶುಭಾಶಯ ಪತ್ರಗಳನ್ನು ಹೊರಗೆ ಅಂಟಿಸಿದ್ದರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮಗೆ ತಟ್ಟಿದ ಸಾಲಿನ ಪಕ್ಕ ಸಹಿ ಹಾಕಿದರು. ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು, ಹೇಡಿಗಳು ಸಾಯುವ ಮುನ್ನ ಎಷ್ಟೋ ಸಲ ಸಾಯುತ್ತಾರೆ ಅನ್ನುವ ಸೀಸರ್‌ನ ಮಾತಿಗೆ.

ಎರಡನೇ ಪಾಳಿ
ಓದುತ್ತಾ ಮೈ ನವಿರೆದ್ದಿತು.

ಲೆಕ್ಕದ ಮೇಡಂ
ಇದನ್ನು ನಾಳೆ ಮಕ್ಕಳಿಗೆ ಹೇಳುತ್ತೇನೆ. ಸಹಿ ಹಾಕುವ ಉಪಾಯ ನಮ್ಮ ತರಗತಿಗೂ ಹೊಂದುತ್ತದೆ.

ಒಂಟಿ ಸಾಲು
ಎಲ್ಲ ಸರಿ. ಆದರೆ ಓದಿ ಆಯಿತು, ನೆನಪಿಟ್ಟೂ ಆಯಿತು, ಮಾಡುವುದು ಹೇಗೆ? ನನ್ನ ತೊಂದರೆ ಅಲ್ಲೇ ಇರುವುದು. ಸಹನೆಯ ಬಗ್ಗೆ ನೂರು ಮಾತು ಗೊತ್ತು. ಮಗ ಹಟ ಮಾಡಿದಾಗ ಒಂದೂ ಹತ್ತಿರ ಬರುವುದಿಲ್ಲ.

ಲೆಕ್ಕದ ಮೇಡಂ
ಮಾತನ್ನು ಒಂದು ಹೊತ್ತಿಗೆ ಕಟ್ಟಿಹಾಕಿ. "ಸಹನೆಯಿಂದ ಇರುತ್ತೇನೆ" ಅನ್ನುವುದು ಸಾಲುವುದಿಲ್ಲ. "ಮಗ ದನಿ ಎತ್ತಿದ ಕೂಡಲೇ ಕೆಳಗೆ ಕೂತು ಮಾತಾಡುತ್ತೇನೆ" ಅಂತ ಇರಬೇಕು. ಪೀಟರ್ ಗಾಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ವಿವರವಾಗಿ ಬರೆದರು. ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮೊದಲೇ ನಿರ್ಧರಿಸಿದವರು, ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಅದನ್ನು ನಡೆಸುತ್ತಾರೆ.

ಒಂಟಿ ಸಾಲು
ಇದು ಕೆಲಸಕ್ಕೆ ಬರುವ ಮಾತು. ಇವತ್ತೇ ನೋಡುತ್ತೇನೆ.

ದೀಪಶಿಖೆ
ಕೆಳಗೆ ಕೂರುವುದು ನಿಜಕ್ಕೂ ನಡೆಯುತ್ತದೆ. ನನ್ನ ಅಕ್ಕ ಮಾಡುತ್ತಾಳೆ.

ಬೆಳಗಿನ ಓದು
ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಆ್ಯಪ್ ತೆಗೆದಿದ್ದೇನೆ. ಈ ತಿಂಗಳಿಗೆ ಒಂದೇ ಮಾತು, ನೀಲಿ ಶಾಯಿ ಅವರು ಹೇಳಿದ ವಚನದ ಕೊನೆಯ ಸಾಲು. ಅದನ್ನು ಕಟ್ಟಿಹಾಕುವ ಹೊತ್ತನ್ನೂ ಆರಿಸಿದ್ದೇನೆ. ಕೆಲಸದಲ್ಲಿ "ಸಂಜೆಯೊಳಗೆ ಕಳಿಸುತ್ತೇನೆ" ಅಂತ ಹೇಳಿ ಕಳಿಸದೇ ಇರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇನ್ನು ಹಾಗೆ ಹೇಳುವ ಮುಂಚೆ ಆ ಸಾಲು ನೆನಪು ಮಾಡಿಕೊಳ್ಳುತ್ತೇನೆ.

ಒಂದು ಕೊನೆಯ ಪ್ರಶ್ನೆ, ಹುಳು ಸರ್. ಒಂದು ಮಾತು ನಿಜಕ್ಕೂ ಆ ವ್ಯಕ್ತಿಯದೇನಾ ಅಂತ ನೋಡುವುದು ಹೇಗೆ?

ಕಡತದ ಹುಳು
ಮೂರು ವಿಷಯ ನೋಡಿ. ಎಲ್ಲಿ ಹೇಳಿದ್ದು, ಯಾವಾಗ ಹೇಳಿದ್ದು, ಯಾರಿಗೆ ಹೇಳಿದ್ದು. ಹೆಸರು ಮಾತ್ರ ಇದ್ದು ಈ ಮೂರೂ ಇಲ್ಲದಿದ್ದರೆ ಅನುಮಾನ ಇರಲಿ. ಗಾಂಧೀಜಿಯವರ ಬರಹಗಳ ಸಮಗ್ರ ಸಂಪುಟಗಳು 100 ಇವೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಂಬೇಡ್ಕರ್, ವಿವೇಕಾನಂದ, ವಚನಕಾರರು, ಎಲ್ಲರ ಸಂಪುಟಗಳೂ ಇವೆ. ಒಂದು ಮಾತು ಹುಡುಕಲು ಹೋಗಿ ಅದರ ಹಿಂದಿನ ಮುಂದಿನ ಪುಟ ಓದುತ್ತಾ ಕೂರುತ್ತೀರಿ, ನೋಡಿ ಬೇಕಾದರೆ.

ಹೊಸ ಸದಸ್ಯ
ವಿವೇಕಾನಂದರ "ಏಳಿ, ಎದ್ದೇಳಿ" ಯಾವ ಭಾಷಣದ್ದು ಸರ್?

ಕಡತದ ಹುಳು
ಒಂದೇ ಭಾಷಣದ್ದಲ್ಲ, ಅನೇಕ ಕಡೆ ಬಳಸಿದ್ದಾರೆ. ಬೇರು ಕಠೋಪನಿಷತ್ತಿನ "ಉತ್ತಿಷ್ಠತ ಜಾಗ್ರತ" ಮಂತ್ರದಲ್ಲಿದೆ. ಅಲ್ಲಿ ಯಮ ನಚಿಕೇತನಿಗೆ ಉಪದೇಶ ಮಾಡುವ ಭಾಗ. ಹುಡುಗನೊಬ್ಬ ಸಾವಿನ ಎದುರು ನಿಂತು ಪ್ರಶ್ನೆ ಕೇಳುವ ಕಥೆ ಅದು. ಬಿಡುವಾದಾಗ ಪೂರ್ತಿ ಓದಿ.

ಹೊಸ ಸದಸ್ಯ
ಈ ವಾರದ ಓದು ಅದೇ ಸರ್. ಓದಿ ಬಂದು ಜಗಳ ಆಡುತ್ತೇನೆ.